ಅಟ್ಟ ಹತ್ತಿದ ಬ್ಯಾಟರಿ

ರೇವಣಸಿದ್ದಯ್ಯನವರು ಮಾಡುವ ಕೆಲಸಕ್ಕೆ ಹೆಸರಿರಲಿಲ್ಲ. ರೇಷನ್ ಕಾರ್ಡಿನಲ್ಲಿ ವ್ಯವಸಾಯ ಎಂದಿತ್ತು. ಮಗಳು ಗಾನವಿಯ ಕಾಲೇಜು ಅರ್ಜಿಯಲ್ಲಿ ‘ಇತರೆ’ ಎಂಬ ಚೌಕದೊಳಗೆ ಒಂದು ಗೀಟು ಬಿದ್ದಿತ್ತು. ಆದರೆ ನೊಣವಿನಕೆರೆಯಿಂದ ಹಿಡಿದು ಚಿಕ್ಕನಾಯಕನಹಳ್ಳಿ ದಾಟಿ ಕಂದಿಕೆರೆಯ ಗುಡ್ಡದ ಬುಡದವರೆಗೆ, ಅಟ್ಟದ ಮೇಲೆ ಕಾಯಿ ಹರವಿಕೊಂಡ ಯಾವ ಮನೆಯ ಮುಂದೆ ನಿಂತು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು: “ಅಯ್ನೋರಾ? ಕಾಯಿ ಅಲ್ಲಾಡ್ಸಿ ಹೇಳ್ತಾರಲ್ಲ, ಅವರು.”

ಕೊಬ್ಬರಿಯ ಸೀಮೆಯಲ್ಲಿ ಅದು ಸಣ್ಣ ಕೆಲಸವಲ್ಲ. ಅಟ್ಟಕ್ಕೆ ಏರಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಯಾರ ಕೈಗೂ ಸಿಗದೆ ಮಬ್ಬುಗತ್ತಲಲ್ಲಿ ಮಲಗಿರಬೇಕು. ಮೊದಮೊದಲು ಅಲ್ಲಾಡಿಸಿದರೆ ಒಳಗಿನ ನೀರು ಗುಳಗುಳ ಎನ್ನುತ್ತದೆ. ಆಮೇಲೆ ಕೆಲವು ತಿಂಗಳು ಕಾಯಿ ಮೌನ ಹಿಡಿಯುತ್ತದೆ. ಕೊನೆಗೊಂದು ದಿನ ನೀರೆಲ್ಲ ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ, ‘ಲೊಟಕ್’ ಎಂದು ಒಂದೇ ಒಂದು ಮಾತಾಡುತ್ತದೆ. ಆ ಮಾತಿಗೆ ಮುಂಚೆ ಒಡೆದರೆ ಒಳಗೆ ಹಸಿ. ತೀರಾ ತಡಮಾಡಿದರೆ ಮುಗ್ಗಲು. ರೇವಣಸಿದ್ದಯ್ಯನವರು ಏಣಿ ಹತ್ತಿ, ನಾಲ್ಕು ಮೂಲೆಯಿಂದ ನಾಲ್ಕು, ನಡುವಿನಿಂದ ಒಂದು ಕಾಯಿ ಆರಿಸಿ, ಎರಡು ಅಂಗೈಗಳ ನಡುವೆ ಹಿಡಿದು, ಬಲಗಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ ಎರಡೇ ಸಲ ಅಲ್ಲಾಡಿಸುತ್ತಿದ್ದರು. ಕೆಳಗೆ ಮನೆಮಂದಿ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕತ್ತೆತ್ತಿ ನಿಂತಿರುತ್ತಿದ್ದರು. “ಒಡೀಬೌದು” ಎಂದರೆ ಒಡೆಯಬಹುದು. “ಇನ್ನೊಂದು ಅಮಾಸೆ ಹೋಗ್ಲಿ” ಎಂದರೆ ಇನ್ನೊಂದು ಅಮಾವಾಸ್ಯೆ ಹೋಗಲೇಬೇಕು. ತಿಪಟೂರಿನ ಮಂಡಿಯೊಂದರ ಯಜಮಾನರು ಮೂವತ್ತು ವರ್ಷ ಆ ಮಾತನ್ನು ನಂಬಿಯೇ ಹಳ್ಳಿಗಳಿಗೆ ಗಾಡಿ ಕಳಿಸಿದ್ದರು. ಅವರು ತೀರಿಕೊಂಡು ಮಂಡಿ ಮಗ ದಯಾನಂದನ ಕೈಗೆ ಬಂದ ಮೇಲೂ ಆ ಮಾತು ನಡೆಯುತ್ತಲೇ ಇತ್ತು.

ಇಂಥ ಮನುಷ್ಯನ ಮೊಪೆಡ್ ಒಂದು ದಿನ ಕೆಟ್ಟು ನಿಂತಿತು.

ಇಪ್ಪತ್ತನಾಲ್ಕು ವರ್ಷದ ಮೊಪೆಡ್ ಅದು. ಎರಡು ತಿರುವು ಆಚೆಯಿಂದಲೇ ಅದರ ಪಟಪಟ ಕೇಳಿ ಹಳ್ಳಿಯ ನಾಯಿಗಳು ಬೊಗಳುತ್ತಿದ್ದವು, ಹೆಂಗಸರು ಕಾಫಿಗೆ ನೀರಿಡುತ್ತಿದ್ದರು, ಗಂಡಸರು ಹುಡುಕಾಡಿ ಅಂಗಿ ತೊಡುತ್ತಿದ್ದರು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲವೆಂದು ತಿಪಟೂರಿನ ಮೂವರು ಮೆಕ್ಯಾನಿಕ್‌ಗಳು ಕೈ ತೊಳೆದುಕೊಂಡಾಗ ಗಾನವಿ ಹೇಳಿದಳು, “ಎಲೆಕ್ಟ್ರಿಕ್ ತಗೊಳ್ಳಾಣ ಅಪ್ಪಾ. ಮೊಪೆಡ್ಡನ್ನ ಅವರೇ ಎಕ್ಸ್‌ಚೇಂಜ್ ತಗೋತಾರಂತೆ.”

ಶೋರೂಮಿನಲ್ಲಿ ರೇವಣಸಿದ್ದಯ್ಯನವರು ಬಿಳಿಯ ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಆಮೇಲೆ ಹಿಡಿಕೆ ಹಿಡಿದು ಎರಡು ಸಲ ಅಲ್ಲಾಡಿಸಿ, ಸೀಟಿನ ಹತ್ತಿರ ಕಿವಿ ತಂದರು.

“ಒಳಗೆ ಏನೂ ಇಲ್ವಲ್ಲಪ್ಪ” ಎಂದರು.

“ಅದೇ ಸಾರ್ ಇದರ ವಿಶೇಷ” ಎಂದ ಮಾರುವ ಹುಡುಗ. “ಸದ್ದಿಲ್ಲ, ಹೊಗೆ ಇಲ್ಲ. ಒಂದ್ಸಲ ಚಾರ್ಜ್ ಮಾಡಿದ್ರೆ ತೊಂಬತ್ತು ಕಿಲೋಮೀಟರು.”

ಮೊಪೆಡ್ಡನ್ನು ಅಲ್ಲೇ ಬಿಟ್ಟು, ಎತ್ತು ಮಾರಿದವರ ಹಾಗೆ ಹಿಂತಿರುಗಿ ನೋಡದೆ ಅವರು ಮನೆಗೆ ಬಂದರು.

ಬಂದವರು ಹೆಂಡತಿ ಶಾಂತಕುಮಾರಿಯ ಮುಂದೆ ಮಾಡಿದ ಮೊದಲ ದೂರು ಸದ್ದಿನದು. “ಇದೊಂಥರಾ ದೆವ್ವದ ಗಾಡಿ ಕಣೇ. ಹೋಗೋದೂ ಗೊತ್ತಾಗಲ್ಲ, ಬರೋದೂ ಗೊತ್ತಾಗಲ್ಲ. ಒಂಚೂರೂ ಸದ್ದಿಲ್ಲ.”

“ಸದ್ದಿಲ್ವಾ? ಕುಂಯ್ಯೋ ಅಂತ ಅಳುತ್ತೆ ಕಣ್ರೀ, ನಾಯಿಮರಿ ಥರ. ನೀವು ಹುಣಸೇಮರದ ಹತ್ರ ಇರೋವಾಗ್ಲೇ ಇಲ್ಲಿಗೆ ಕೇಳಿಸ್ತು.”

“ಏನಂದೆ?”

“ಕೇಳಿಸ್ತು ಅಂದೇ!”

“ಅದಕ್ಯಾಕೆ ಹಂಗೆ ಕಿರುಚ್ತೀಯ?”

ಶಾಂತಕುಮಾರಿ ಒಳಗೆ ಹೋದಳು. ಆರೇಳು ವರ್ಷದಿಂದ ಅವಳು ಕಿರುಚಿಯೇ ಮಾತಾಡುತ್ತಿದ್ದಳು. ವಯಸ್ಸಾಗುತ್ತಾ ಅವಳಿಗೆ ಕೋಪ ಜಾಸ್ತಿಯಾಗಿದೆ ಎಂದು ರೇವಣಸಿದ್ದಯ್ಯನವರು ತಿಳಿದುಕೊಂಡಿದ್ದರು, ತಿಳಿದುಕೊಂಡು ಕ್ಷಮಿಸಿಯೂ ಇದ್ದರು.

ಆದರೆ ಆ ನಾಯಿಮರಿಯ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಹೆಂಡತಿ ತೆಂಗಿನ ಬುಡಕ್ಕೆ ನೀರು ತಿರುಗಿಸಲು ಹೋದಾಗ ಅವರು ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹಿಂದಿನ ಚಕ್ರ ತಿರುಗಿಸಿ, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಲಗಿವಿ ಕೊಟ್ಟರು. ಎಡಗಿವಿ ಕೊಟ್ಟರು. ಏನೂ ಇಲ್ಲ. ಬೇಲಿಯಾಚೆ ಮಲಗಿದ್ದ ಪಕ್ಕದ ಮನೆಯ ನಾಯಿ ಮಾತ್ರ ತಲೆ ಎತ್ತಿ, ಕಿವಿ ನಿಮಿರಿಸಿ, ಸ್ಕೂಟರಿನ ಕಡೆಯೇ ನೋಡುತ್ತಿತ್ತು. ರೇವಣಸಿದ್ದಯ್ಯನವರು ಚಕ್ರ ನಿಲ್ಲಿಸಿದರು. ನಾಯಿ ತಲೆ ಇಳಿಸಿತು. ಮತ್ತೆ ತಿರುಗಿಸಿದರು. ನಾಯಿ ತಲೆ ಎತ್ತಿತು. ಈ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ಕಿವಿ ಹೋದ ಮೇಲೆ ಕಾಯಿ ಅಲ್ಲಾಡಿಸುವವನಿಗೆ ಏನು ಉಳಿಯುತ್ತದೆ?

ಹೊರಗೆ ಮಾತ್ರ ಗಾಡಿಯ ಬೇರೆ ಸಂಕಟಗಳನ್ನೇ ಹೇಳಿಕೊಂಡರು. ಅವೇನೂ ಕಡಿಮೆ ಇರಲಿಲ್ಲ. ಶೋರೂಮಿನ ತೊಂಬತ್ತು ಕಿಲೋಮೀಟರು ಚಿಕ್ಕನಾಯಕನಹಳ್ಳಿಯ ಏರಿನಲ್ಲಿ, ಮಾರ್ಚಿನ ಬಿಸಿಲಿನಲ್ಲಿ ಅರವತ್ತಕ್ಕೆ ಇಳಿದುಬಿಟ್ಟಿತ್ತು. ಕಂದಿಕೆರೆಗೆ ಹೋಗುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಬರಲು ಮತ್ತೆ ಚಾರ್ಜ್ ಆಗಬೇಕು, ಅದಕ್ಕೆ ನಾಲ್ಕು ಗಂಟೆ. ಒಂದು ಸಲ ಗುಡ್ಡದ ಏರಿನ ನಡುವೆ ಗಾಡಿ ನಿಂತೇಹೋಯಿತು. ಪೆಟ್ರೋಲಾದರೆ ಯಾರಾದರೂ ಬಾಟಲಿಯಲ್ಲಿ ತಂದುಕೊಡುತ್ತಿದ್ದರು. ಕರೆಂಟನ್ನು ಯಾವ ಬಾಟಲಿಯಲ್ಲಿ ತರುವುದು? ಕುರಿ ಮೇಯಿಸುತ್ತಿದ್ದ ಮುದುಕ ಚಿಕ್ಕಹನುಮಯ್ಯ ಬಂದು ಗಾಡಿಯನ್ನು ಮೂಸಿ ನೋಡುವಂತೆ ನೋಡಿ, “ಬುಡಿ ಅಯ್ನೋರೆ, ಸುಸ್ತಾಗೈತೆ. ನೆಳ್ಳಾಗೆ ಕಟ್ಟಾಕಿ” ಎಂದು ಸಲಹೆ ಕೊಟ್ಟ. ಅಂದು ಸ್ಕೂಟರು ಮನೆಗೆ ಬಂದದ್ದು ಟ್ರ್ಯಾಕ್ಟರಿನಲ್ಲಿ, ಎಳನೀರಿನ ಗೊನೆಗಳ ನಡುವೆ ಮಲಗಿಕೊಂಡು.

ಹಗಲು ಹೊತ್ತು ಹಳ್ಳಿಮನೆಗಳ ಲೈನಿನಲ್ಲಿ ದೀಪ ಉರಿದರೆ ಹೆಚ್ಚು. ಚಾರ್ಜರಿಗೆ ಸಾಕಾಗುವ ಕರೆಂಟು ಪಂಪ್‌ಸೆಟ್ಟಿನ ತ್ರೀಫೇಸ್ ಲೈನಿನಲ್ಲಿ ಮಾತ್ರ ಬರುತ್ತಿತ್ತು. ಅದು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ. ಮೂವತ್ತು ವರ್ಷ ಪಂಚಾಂಗ ನೋಡಿ ಮನೆ ಬಿಡುತ್ತಿದ್ದ ರೇವಣಸಿದ್ದಯ್ಯನವರು ಈಗ ಲೈನ್‌ಮ್ಯಾನ್ ಹನುಮಂತಯ್ಯನಿಗೆ ಫೋನು ಮಾಡಿ ಮನೆ ಬಿಡತೊಡಗಿದರು. ರಾಹುಕಾಲವಿದ್ದರೂ ತ್ರೀಫೇಸ್ ಇದ್ದರೆ ಹೊರಟರು.

ಅದಕ್ಕಿಂತ ದೊಡ್ಡ ಕಷ್ಟ ಊಟದ್ದು. ಮೊದಲೆಲ್ಲ ಕಾಯಿ ಅಲ್ಲಾಡಿಸಿ, ಅರ್ಧ ಲೋಟ ಕಾಫಿ ಕುಡಿದು, ಮುಂದಿನ ಮನೆಗೆ ಹೊರಡುತ್ತಿದ್ದರು. ಈಗ ಗಾಡಿ ನಾಲ್ಕು ಗಂಟೆ ಅಂಟಿಕೊಂಡು ಕೂತರೆ ಅವರೂ ಕೂರಬೇಕು. ಬಾಗಿಲಿಗೆ ಬಂದ ಅಯ್ಯನವರನ್ನು ಬರಿಹೊಟ್ಟೆಯಲ್ಲಿ ಕೂರಿಸುವ ಮನೆ ಆ ಕಡೆ ಇಲ್ಲ. ಒಂದು ಮನೆಯಲ್ಲಿ ಒಬ್ಬಟ್ಟು, ಮುಂದಿನ ಮನೆಯಲ್ಲಿ ಅವರೆಕಾಳು ಸಾರು. ಮಾತು ಮುಗಿದ ಮೇಲೂ ಚಾರ್ಜು ಮುಗಿಯುತ್ತಿರಲಿಲ್ಲವಾದ್ದರಿಂದ ಜನ ಅವರ ಮುಂದೆ ಮನೆಯ ಜಗಳಗಳನ್ನು ತಂದು ಹರವುತ್ತಿದ್ದರು. ಆ ಒಂದು ಬೇಸಿಗೆಯಲ್ಲಿ ರೇವಣಸಿದ್ದಯ್ಯನವರು ಮೂರು ಬದುವಿನ ವ್ಯಾಜ್ಯ, ಒಂದು ಅತ್ತೆ–ಸೊಸೆ ಮುನಿಸು ಬಗೆಹರಿಸಿದರು, ನಾಲ್ಕು ಕೆಜಿ ದಪ್ಪವಾದರು. ಗಾಡಿ ಅವರ ಭಾರಕ್ಕೆ ಇನ್ನೂ ಐದು ಕಿಲೋಮೀಟರು ಕಡಿಮೆ ಓಡಿತು.

ಹೀಗಿರುವಾಗ ಮಂಡಿಯ ದಯಾನಂದನ ಫೋನು ಬಂತು. ರೇವಣಸಿದ್ದಯ್ಯನವರು ಎರಡು ಸಲ ‘ಏನು’ ಎಂದು ಕೇಳಿ, ಮೂರನೆಯ ಸಲ ನಾಚಿಕೆಯಾಗಿ, ಫೋನನ್ನು ಗಾನವಿಗೆ ಕೊಟ್ಟರು. ಗಾನವಿ ಕೇಳಿಸಿಕೊಂಡು, ತಂದೆಯ ಮುಖ ನೋಡದೆ ಹೇಳಿದಳು, “ಕಂದಿಕೆರೆ ಮಾಯಣ್ಣನ ಅಟ್ಟ ನೋಡೋಕೆ ಗುರುವಾರ ನೀವು ಹೋಗ್ತೀರಲ್ಲ, ಅವರೂ ಬರ್ತಾರಂತೆ. ಹೊಸ ಮೆಷೀನ್ ತಂದವ್ರಂತೆ, ಕಾಯಿಗೆ ಚುಚ್ಚಿದ್ರೆ ಒಳಗಡೆ ಎಷ್ಟು ತೇವ ಅಂತ ತೋರಿಸುತ್ತಂತೆ. ನೀವು ಹೇಳೋದು, ಅದು ಹೇಳೋದು ಎರಡೂ ತಾಳೆ ಆಗುತ್ತಾ ನೋಡಾಣ ಅಂದ್ರು.”

“ತಾಳೆ ಆಗದಿದ್ರೆ?”

“ಮುಂದಿನ ವರ್ಷದಿಂದ ಮೆಷೀನೇ ಸಾಕು ಅಂತ” ಎಂದಳು ಗಾನವಿ, ಮೆಲ್ಲಗೆ. ಅದು ಮಾತ್ರ ಅವರಿಗೆ ಸರಿಯಾಗಿ ಕೇಳಿಸಿತು.

ಗುರುವಾರ ಅವರು ಬೇಗ ಹೊರಟರು. ಕಂದಿಕೆರೆಯ ತೋಟದ ಮನೆಯ ಅಂಗಳಕ್ಕೆ ಗಾಡಿ ತಿರುಗಿದಾಗ ಚಾರ್ಜು ನಾಲ್ಕು ಪರ್ಸೆಂಟಿತ್ತು. ಅವರು ಕೂಗುವ ಮುಂಚೆಯೇ ಮಾಯಣ್ಣನ ಹೆಂಡತಿ ಚಿಕ್ಕಗೌರಮ್ಮ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

“ನಾನ್ ಬಂದಿದ್ದು ಹೆಂಗೆ ಗೊತ್ತಾಯ್ತು ಗೌರಮ್ಮ?”

“ನಿಮ್ಮ ಗಾಡಿ ಕುಂಯ್ ಅಂತಲ್ಲ ಅಯ್ನೋರೆ” ಎಂದಳು ಅವಳು ನಗುತ್ತಾ.

ರೇವಣಸಿದ್ದಯ್ಯನವರು ಚೊಂಬು ತೆಗೆದುಕೊಂಡರು. ಕುಡಿಯುವ ಮುಂಚೆ ಒಮ್ಮೆ ತಿರುಗಿ ಗಾಡಿಯ ಕಡೆ ನೋಡಿದರು.

ಮಾಯಣ್ಣನ ಕೊಬ್ಬರಿ ಮನೆ ಅಂಗಳದ ಆಚೆಗಿತ್ತು: ನಾಲ್ಕು ಗೋಡೆ, ತಗಡಿನ ಸೂರು, ಆಳೆತ್ತರಕ್ಕಿಂತ ಒಂದು ಗೇಣು ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿದ ಅಟ್ಟ. ಗಾಳಿಯಾಡಲೆಂದು ದಬ್ಬೆಗಳ ನಡುವೆ ಎರಡೆರಡು ಬೆರಳು ಸಂದು. ಅಟ್ಟದ ಎಡಭಾಗದಲ್ಲಿ ಹೋದ ವರ್ಷದ ಕಾಯಿ, ಇವತ್ತು ಅಲ್ಲಾಡಿಸಿ ನೋಡಬೇಕಾದದ್ದು. ಬಲಭಾಗ ಖಾಲಿ. ಪಂಪ್‌ಸೆಟ್ ಲೈನಿನಿಂದ ಎಳೆದ ಪ್ಲಗ್ಗು ಅಟ್ಟದ ಎತ್ತರಕ್ಕೇ ಗೋಡೆಯಲ್ಲಿತ್ತು. ಚಾರ್ಜರಿನ ವೈರು ಮೊಳದುದ್ದ. ಆದ್ದರಿಂದ ರೇವಣಸಿದ್ದಯ್ಯನವರು ಸೀಟಿನಡಿಯಿಂದ ಹನ್ನೆರಡು ಕೆಜಿಯ ಬ್ಯಾಟರಿ ಬಿಚ್ಚಿ, ಕೂಸನ್ನು ಎತ್ತಿಕೊಂಡಂತೆ ಎದೆಗೊತ್ತಿ ಏಣಿ ಹತ್ತಿ, ಖಾಲಿ ಭಾಗದ ಅಂಚಿನಲ್ಲಿ ಮಲಗಿಸಿ, ಪ್ಲಗ್ಗು ಚುಚ್ಚಿದರು. ದಯಾನಂದ ಬರುವವರೆಗೆ ಊಟ ಮಾಡೋಣವೆಂದು ಮಾಯಣ್ಣ ಕರೆದ. ಮುದ್ದೆ, ಬಸ್ಸಾರು, ಮೇಲೆ ಮಜ್ಜಿಗೆ. ಮಜ್ಜಿಗೆಯ ಮೇಲೆ ಚಾಪೆ. ಚಾರ್ಜು ಆಗುವುದಕ್ಕೆ ಇನ್ನೂ ಮೂರು ಗಂಟೆ ಇದ್ದುದರಿಂದ ನಿದ್ದೆಯೂ ಬಂತು.

ಆ ನಿದ್ದೆಯ ಹೊತ್ತಿನಲ್ಲಿ ಈ ವರ್ಷದ ಕಾಯಿ ತುಂಬಿಕೊಂಡು ಟ್ರ್ಯಾಕ್ಟರು ಬಂದುಬಿಟ್ಟಿತು. ಕಾಯಿ ಏರಿಸುವ ಆಳು ಗಿಡ್ಡಯ್ಯ ಶ್ರದ್ಧೆಯ ಮನುಷ್ಯ. ಅಟ್ಟದ ಮೇಲೆ ಕರಿಯ ಪೆಟ್ಟಿಗೆಯೊಂದನ್ನು ಕಂಡ. ಕಾಯಿ ಬಿದ್ದು ಅದಕ್ಕೆ ಏಟಾಗದಿರಲೆಂದು ವೈರು ಕಿತ್ತು, ಪೆಟ್ಟಿಗೆಯನ್ನು ಒಳಗೆಲ್ಲೋ ಜೋಪಾನವಾಗಿ ಇಟ್ಟ. ಆಮೇಲೆ ಮೂರು ಸಾವಿರ ಕಾಯಿ ಸುರಿದು, ಮಟ್ಟಸ ಮಾಡಿ, ಐದು ಗಂಟೆಯ ಕೆಲಸ ಎರಡೂವರೆ ಗಂಟೆಯಲ್ಲಿ ಮುಗಿಸಿ, ಅದೇ ಟ್ರ್ಯಾಕ್ಟರು ಹತ್ತಿ ಹೋಗಿಬಿಟ್ಟ. ಅವನ ಫೋನು ಎಂದಿನಂತೆ ಸ್ವಿಚ್ ಆಫ್.

ಎದ್ದು ಬಂದ ರೇವಣಸಿದ್ದಯ್ಯನವರಿಗೆ ಗೋಡೆಯಿಂದ ನೇತಾಡುತ್ತಿದ್ದ ವೈರು ಕಾಣಿಸಿತು. ವೈರಿನ ಆಚೆ, ಸೂರಿನವರೆಗೆ, ಕಾಯಿಯ ಗುಡ್ಡ.

“ತೆಗೆಸ್ಬೇಕಲ್ಲ ಮಾಯಣ್ಣ” ಎಂದರು.

ಮಾಯಣ್ಣ ಕೇಳಬಾರದ ಮಾತು ಕೇಳಿದವನಂತೆ ನೋಡಿದ. ಅಟ್ಟಕ್ಕೆ ಏರಿದ ಕಾಯಿಯನ್ನು ಆ ಸೀಮೆಯಲ್ಲಿ ಯಾರೂ ಮತ್ತೆ ಕದಲಿಸುವುದಿಲ್ಲ. ಕದಲಿಸಿದರೆ ಒಳಗೆ ಪೆಟ್ಟಾಗಿ ಕೊಳೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗೆ ಅವರಿಗೆಲ್ಲ ಊರೂರಿಗೆ ಹೋಗಿ ಹೇಳಿದವರೂ ರೇವಣಸಿದ್ದಯ್ಯನವರೇ.

“ನೀವೇ ಹೇಳಿದ್ರಲ್ಲ ಅಯ್ನೋರೆ, ಏರ್ಸಿದ್ ಮ್ಯಾಗೆ ಹೆಂಡ್ತಿ ತಾಳಿ ಬಿದ್ರೂ ಹುಡುಕ್ಬಾರ್ದು ಅಂತ. ನಾಲ್ಕು ವರ್ಷದ ಹಿಂದೆ ನಮ್ಮಾಕೆ ವಾಲೆ ಬಿದ್ದಿತ್ತು. ಹನ್ನೊಂದು ತಿಂಗ್ಳು ಕಾದ್ಲು.”

“ಬರಿಗಿವೀಲಿ ಎರಡು ಮದುವೆಗೆ ಹೋಗ್ಬಂದೆ” ಎಂದಳು ಚಿಕ್ಕಗೌರಮ್ಮ. ಇನ್ನೂ ಸಿಟ್ಟಿತ್ತು.

“ಹಂಗಂದ್ರೆ ನನ್ನ ಗಾಡಿ?”

ಮಾಯಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. “ಬರೋ ಶಿವರಾತ್ರಿ ಹೊತ್ಗೆ ಕೊಬ್ಬರಿ ಆಯ್ತದೆ. ಕೊಬ್ಬರಿ ಜೊತೇಲೇ ಬ್ಯಾಟ್ರೀನೂ ಇಳಿಸಾಣ ಬುಡಿ. ಅಲ್ಲೀಗಂಟ ಗಾಡಿ ಕೊಟ್ಗೇಲಿರ್ಲಿ, ಹುಲ್ಲೇನ್ ತಿನ್ನಲ್ವಲ್ಲ.”

ಅದೇ ಹೊತ್ತಿಗೆ ದಯಾನಂದ ಪಿಕಪ್ ಗಾಡಿಯಲ್ಲಿ ಬಂದಿಳಿದ. ಮೂವತ್ತರ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೆಷೀನಿನ ಡಬ್ಬಿ. ಸಂಗತಿ ಕೇಳಿ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡ. ನಗು ಮುಗಿಸಿ ಡಬ್ಬಿ ತೆರೆದು, ಗುಂಡಿ ಒತ್ತಿ, ಮತ್ತೆ ಒತ್ತಿ, ಮೆಷೀನನ್ನು ಅಂಗೈಗೆ ಕುಟ್ಟಿದ. ಅದೂ ಚಾರ್ಜಿಲ್ಲದೆ ಸತ್ತಿತ್ತು. ಪ್ಲಗ್ಗಿಗೆ ಹಾಕೋಣವೆಂದರೆ ತ್ರೀಫೇಸಿನ ಹೊತ್ತು ಮುಗಿದು ಕರೆಂಟೂ ಹೋಗಿತ್ತು.

“ಇಬ್ರದ್ದೂ ಒಂದೇ ಕಾಯಿಲೆ” ಎಂದಳು ಚಿಕ್ಕಗೌರಮ್ಮ.

ಆಗ ಅಟ್ಟದ ಕಡೆಯಿಂದ ಏನೋ ಬಂದಿರಬೇಕು. ಏಕೆಂದರೆ ಮೂವರೂ ಒಟ್ಟಿಗೆ ತಲೆ ಎತ್ತಿದರು.

“ಕೇಳಿಸ್ತಾ? ಪೀ ಅಂತು” ಎಂದ ದಯಾನಂದ.

ರೇವಣಸಿದ್ದಯ್ಯನವರೂ ತಲೆ ಎತ್ತಿದರು, ಎಲ್ಲರಿಗಿಂತ ಅರೆಗಳಿಗೆ ತಡವಾಗಿ.

ಗಾನವಿಗೆ ಫೋನು ಹೋಯಿತು. ಅವಳು ಶೋರೂಮಿಗೆ ಮಾಡಿ, ತಿರುಗಿ ಮಾಡಿದಾಗ ದನಿಯಲ್ಲಿ ಗಾಬರಿಯಿತ್ತು. ದಯಾನಂದ ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದ. “ಅಪ್ಪಾ, ಚಾರ್ಜಿಂದ ತೆಗೆದ ಬ್ಯಾಟರಿಗೆ ತಗಡಿನ ಕಾವಲ್ಲಿ ಗಾಳಿ ಇಲ್ದೆ ಬಿಸಿ ಏರಿದ್ರೆ ಅರ್ಧ ನಿಮಿಷಕ್ಕೊಂದ್ಸಲ ಕೂಗ್ಕೊಳ್ಳುತ್ತಂತೆ. ಹಂಗೇ ಬಿಡಬಾರ್ದಂತೆ. ಹೊಗೆ ಬರ್ಬೋದಂತೆ. ಬೇಗ ಹೊರಗೆ ತೆಗೀರಿ ಅಂದ್ರು!”

ಈಗ ಯಾರೂ ನಗಲಿಲ್ಲ. ಮೇಲೆ ಮೂರು ಸಾವಿರ ಕಾಯಿ, ಪಕ್ಕದಲ್ಲಿ ಒಂದು ವರ್ಷ ಕಾದು ಒಣಗಿದ ಕೊಬ್ಬರಿ, ಒಳಗೆಲ್ಲೋ ಬಿಸಿ ಏರುತ್ತಿರುವ ಪೆಟ್ಟಿಗೆ. ಮೇಲಿನಿಂದ ತೆಗೆದರೆ ಸಂಜೆಯಾದರೂ ಮುಗಿಯುವುದಿಲ್ಲ, ಕಾಯಿಯೂ ಹಾಳು. ಕೆಳಗಿನಿಂದ ದಬ್ಬೆ ಬಿಚ್ಚಿ ಇಳಿಸಬಹುದು, ಆದರೆ ಯಾವ ದಬ್ಬೆ? ಮಾಯಣ್ಣ ಒಂದು ಮೂಲೆ ತೋರಿಸಿದ. ಚಿಕ್ಕಗೌರಮ್ಮ ಇನ್ನೊಂದು ಮೂಲೆ. ಸದ್ದು ಕಾಯಿಕಾಯಿಗೆ ಬಡಿದು ಎಲ್ಲ ಕಡೆಯಿಂದಲೂ ಬರುತ್ತಿದೆ ಎಂದ ದಯಾನಂದ. ಆಮೇಲೆ ಮೂವರೂ, ಯಾರೂ ಹೇಳಿಕೊಡದೆಯೇ, ಒಬ್ಬರ ಕಡೆಗೆ ತಿರುಗಿದರು.

“ನೀವೇ ಹೇಳ್ಬೇಕು ಅಯ್ನೋರೆ” ಎಂದ ಮಾಯಣ್ಣ. “ಕಾಯೊಳಗಿನ ನೀರು ಬತ್ತಾದು ಕೇಳೋ ಕಿವಿ ನಿಮ್ದು. ಇದ್ಯಾವ ಲೆಕ್ಕ?”

ರೇವಣಸಿದ್ದಯ್ಯನವರು ಅಟ್ಟದ ಕೆಳಗೆ ಹೋಗಿ ನಿಂತರು. ಮಬ್ಬು ಬೆಳಕು. ದಬ್ಬೆಗಳ ಸಂದಿನಿಂದ ಹೊಸ ಕಾಯಿಗಳ ತಳ ಕಣ್ಣುಗಳ ಹಾಗೆ ಕಾಣುತ್ತಿತ್ತು. ಅವರು ಬಲಗಿವಿ ಮೇಲೆ ಮಾಡಿ, ಕಣ್ಣು ಮುಚ್ಚಿದರು.

“ಬಂತು!” ಎಂದ ದಯಾನಂದ.

ಬಂದಿರಲಿಲ್ಲ. ರೇವಣಸಿದ್ದಯ್ಯನವರ ಪಾಲಿಗೆ ಬಂದದ್ದು ಹತ್ತಿಯಂಥ ಒಂದು ಮೌನ, ಅಷ್ಟೆ. ಅವರು ಗಂಭೀರವಾಗಿ ತಲೆಯಾಡಿಸಿ ನಾಲ್ಕು ಹೆಜ್ಜೆ ಮುಂದೆ ಹೋದರು. ಮತ್ತೆ ನಿಂತರು.

“ಮತ್ತೆ ಬಂತು. ಈ ಸಲ ಜೋರಾಗೈತೆ” ಎಂದ ಮಾಯಣ್ಣ. “ಎಲ್ಲಿ ಅಯ್ನೋರೆ?”

ಆ ಗಳಿಗೆಯಲ್ಲಿ ಅವರಿಗೆ ಎಲ್ಲವೂ ತಿಳಿಯಿತು. ನಾಯಿ ತಲೆ ಎತ್ತಿದ್ದು, ಚಿಕ್ಕಗೌರಮ್ಮನ ಚೊಂಬು, ಶಾಂತಕುಮಾರಿಯ ಆರೇಳು ವರ್ಷದ ಕೋಪ. ಕಿವಿ ಇಂದು ಹೋದದ್ದಲ್ಲ. ಇಪ್ಪತ್ತನಾಲ್ಕು ವರ್ಷ ಆ ಮೊಪೆಡ್ಡಿನ ಪಟಪಟದ ಮೇಲೆ ಕೂತು ಊರೂರು ತಿರುಗಿದವರ ಕಿವಿ, ಗೊನೆಯಿಂದ ಒಂದೊಂದೇ ಕಾಯಿ ಉದುರಿದಂತೆ, ತಮಗೇ ಗೊತ್ತಾಗದೆ ಖಾಲಿಯಾಗಿತ್ತು. ಹಾಗಾದರೆ ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳೇ? ಒಂದು ಅಟ್ಟವೂ ತಪ್ಪಿರಲಿಲ್ಲವಲ್ಲ? ಮಂಡಿಯ ಹಿರಿಯ ಯಜಮಾನರು ಕೊನೆಯವರೆಗೂ ನಂಬಿದ್ದರಲ್ಲ? ತಲೆ ಗಿರ್ರೆಂದಿತು. ಬೀಳದಿರಲೆಂದು ಅವರು ಕೈ ಮೇಲೆ ಚಾಚಿ ಒಂದು ದಬ್ಬೆಯನ್ನು ಹಿಡಿದುಕೊಂಡರು.

ದಬ್ಬೆಯಲ್ಲಿ ಇರುವೆ ಹರಿದಂತಾಯಿತು.

“ಈಗ್ಬಂತು” ಎಂದ ದಯಾನಂದ ಹಿಂದಿನಿಂದ.

ರೇವಣಸಿದ್ದಯ್ಯನವರು ಅಲುಗಾಡಲಿಲ್ಲ. ಅಂಗೈಯನ್ನು ಅಗಲ ಮಾಡಿ ದಬ್ಬೆಗೆ ಒತ್ತಿ ಕಾದರು. ಅರ್ಧ ನಿಮಿಷ. ಮತ್ತೆ ಅದೇ ಇರುವೆ, ಬೆರಳ ಬುಡದಿಂದ ಮಣಿಕಟ್ಟಿನವರೆಗೆ. ಈ ನವಿರಾದ ಕಂಪನ ಅವರಿಗೆ ಹೊಸದಲ್ಲ. ಆದ ಕಾಯಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಅಲ್ಲಾಡಿಸಿದಾಗ ಒಳಗಿನ ಉಂಡೆ ಚಿಪ್ಪಿಗೆ ತಾಗಿ ಬರುತ್ತಿದ್ದುದು ಇದೇ. ‘ಲೊಟಕ್’ ಎಂದು ಅವರು ಕಿವಿಯಲ್ಲಿ ಕೇಳುತ್ತಿದ್ದೇನೆಂದು ತಿಳಿದಿದ್ದ ಮಾತು ಎಷ್ಟೋ ವರ್ಷದಿಂದ ಅಂಗೈಗೆ ಬರುತ್ತಿತ್ತು. ಕಿವಿ ಸುಮ್ಮನೆ ಹತ್ತಿರ ನಿಂತು ಹೆಸರು ತೆಗೆದುಕೊಳ್ಳುತ್ತಿತ್ತು.

“ಒಂದು ಸ್ಟೂಲ್ ತಾ ಮಾಯಣ್ಣ” ಎಂದರು.

ಸ್ಟೂಲಿನ ಮೇಲೆ ನಿಂತು ದಬ್ಬೆಯಿಂದ ದಬ್ಬೆಗೆ ಕೈ ಇಟ್ಟು ನಡೆದರು, ಅಲ್ಲ, ಮಾಯಣ್ಣ ಸ್ಟೂಲು ಸರಿಸಿದಂತೆಲ್ಲ ಹತ್ತಿ ಇಳಿದರು. ಚಿಕ್ಕಗೌರಮ್ಮ ಪೂಜೆ ನೋಡುವವಳಂತೆ ಸೆರಗು ಹೊದ್ದು ನಿಂತಿದ್ದಳು. ಒಂದು ದಬ್ಬೆಯಲ್ಲಿ ಇರುವೆ ಮಂದವಾಯಿತು. ಹಿಂದಕ್ಕೆ ಬಂದರು. ಕಿಟಕಿಯ ಕಡೆಗೆ ಹೋದಂತೆ ಅದು ಜೇನುಹುಳುವಾಯಿತು. ಅಲ್ಲಿಂದ ಮೂರನೆಯ ದಬ್ಬೆಗೆ ಕೈ ಇಟ್ಟಾಗ ಸಂದಿನಿಂದ ಬಿಸಿ ಬಂದು ಅಂಗೈಗೆ ತಾಗಿತು, ಜ್ವರ ಬಂದ ಮಗುವಿನ ಹಣೆಯ ಹಾಗೆ.

“ಇಲ್ಲಿ.”

ದಬ್ಬೆ ಬಿಚ್ಚಿದರು. ಮೊದಲು ಎರಡು ಕಾಯಿ ಧೊಪ್ ಧೊಪ್ ಎಂದು ಬಿದ್ದವು, ಒಂದು ದಯಾನಂದನ ಕಾಲಿನ ಮೇಲೆ. ಆಮೇಲೆ ಕರಿಯ ಪೆಟ್ಟಿಗೆಯ ಮೂಲೆ ಕಾಣಿಸಿತು. ಮಾಯಣ್ಣ ಒದ್ದೆ ಗೋಣಿಚೀಲ ಕೈಗೆ ಸುತ್ತಿಕೊಂಡು ಅದನ್ನು ಇಳಿಸಿ, ಅಂಗಳದ ನಡುವೆ ಇಟ್ಟು ದೂರ ನಿಂತ. ಪೆಟ್ಟಿಗೆ ಇನ್ನೂ ಎರಡು ಸಲ ಕೂಗಿ, ತಂಪುಗಾಳಿ ತಾಗಿ ಸುಮ್ಮನಾಯಿತು. ಅಷ್ಟರಲ್ಲಿ ದಬ್ಬೆ ಮತ್ತೆ ಕಟ್ಟಿಯಾಗಿತ್ತು. ಕದಲಿದ್ದು ಎರಡೇ ಕಾಯಿ. ಚಿಕ್ಕಗೌರಮ್ಮ ಅವನ್ನು ಚಟ್ನಿಗೆಂದು ಎತ್ತಿಟ್ಟಳು.

“ಕಿವಿ ಅಂದ್ರೆ ಕಿವಿ ಕಣ್ಲಾ ದಯಾನಂದ!” ಎಂದ ಮಾಯಣ್ಣ. “ನಿನ್ ಮೆಷೀನ್ ಕೈಲಾಯ್ತಿತ್ತಾ?”

“ಕಿವಿ ಅಲ್ಲ ಕಣಪ್ಪ ಅದು” ಎಂದರು ರೇವಣಸಿದ್ದಯ್ಯನವರು.

ದೊಡ್ಡವರ ವಿನಯವೆಂದು ದಯಾನಂದ ನಕ್ಕ. ಆದರೆ ಬಂದ ಕೆಲಸ ಮರೆಯುವ ಹುಡುಗನಲ್ಲ ಅವನು. ಏಣಿ ಹತ್ತಿ ಹಳೆಯ ರಾಶಿಯಿಂದ ತಾನೇ ಮೂರು ಕಾಯಿ ಆರಿಸಿ ತಂದು ಮುಂದೆ ಹಿಡಿದ. “ಅಯ್ನೋರೆ, ಹೇಳ್ಬುಡಿ ಮತ್ತೆ. ಒಡೆದೇ ನೋಡಾಣ.”

ರೇವಣಸಿದ್ದಯ್ಯನವರು ಮೊದಲ ಕಾಯಿ ತೆಗೆದುಕೊಂಡರು. ಅಭ್ಯಾಸಬಲದಿಂದ ಕಿವಿಯ ಕಡೆಗೆ ಎತ್ತಿದ ಕೈ ಅರ್ಧದಲ್ಲಿ ನಿಂತಿತು. ಅದನ್ನು ಎದೆಯ ಮಟ್ಟಕ್ಕೆ ಇಳಿಸಿ, ಎರಡು ಅಂಗೈಗಳ ನಡುವೆ, ಎಲ್ಲರೂ ನೋಡುವಂತೆ, ಎರಡು ಸಲ ಅಲ್ಲಾಡಿಸಿದರು.

“ಆಗಿದೆ.” ಎರಡನೆಯದು. “ಆಗಿದೆ.” ಮೂರನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ಇದು ಸೂರಿನ ಸೋರಿಕೆ ಕೆಳಗಿತ್ತು. ಇನ್ನೊಂದು ಅಮಾಸೆ ಹೋಗ್ಬೇಕು.”

ಮಾಯಣ್ಣ ಮಚ್ಚಿನಿಂದ ಮೂರನ್ನೂ ಒಡೆದ. ಎರಡರಲ್ಲಿ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳಿ ಬಂತು. ಮೂರನೆಯದರ ತಿರುಳು ಒಂದು ಪಕ್ಕಕ್ಕೆ ಇನ್ನೂ ಅಂಟಿಕೊಂಡಿತ್ತು. ದಯಾನಂದ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತಲೆ ಎತ್ತಿ ಸೂರು ನೋಡಿದ. ಆ ಮೂಲೆಯ ತಗಡಿನಲ್ಲಿ ಬೆಳಕಿನ ಚುಕ್ಕಿಯೊಂದು ಹೊಳೆಯುತ್ತಿತ್ತು. ಅವನು ಮೆಷೀನನ್ನು ಡಬ್ಬಿಗೆ ಹಾಕಿ ಮುಚ್ಚಿದ.

“ಮುಂದ್ಲ ವಾರ ಗುಬ್ಬಿ ಕಡೆ ಒಂದು ಅಟ್ಟ ಐತೆ” ಎಂದ. “ನಾನೇ ಕರ್ಕೊಂಡು ಹೋಯ್ತೀನಿ, ಪಿಕಪ್ಪಲ್ಲಿ. ನಿಮ್ಮ ಗಾಡಿ ನಂಬ್ಕೊಂಡ್ರೆ ಕೊಬ್ಬರಿ ಮುಗ್ಗಲು ಹಿಡಿಯುತ್ತೆ.”

ಬ್ಯಾಟರಿ ಆರಲು ಎರಡು ಗಂಟೆ ಬೇಕಾಯಿತು. ಅಷ್ಟರಲ್ಲಿ ಇನ್ನೊಂದು ಊಟವೂ ಆಯಿತು, ಚಟ್ನಿಯ ಜೊತೆ. ಸ್ಕೂಟರನ್ನು ಪಿಕಪ್ಪಿನಲ್ಲಿ ಹಗ್ಗ ಬಿಗಿದು ನಿಲ್ಲಿಸಿ ದಯಾನಂದ ಅವರನ್ನು ಊರಿಗೆ ತಿರುಗುವ ರಸ್ತೆಯ ಗೇಟಿನವರೆಗೂ ತಂದು ಇಳಿಸಿದಾಗ ಹೊತ್ತು ಮುಳುಗುತ್ತಿತ್ತು. ಗೇಟಿನಿಂದ ಮನೆಗೆ ಎರಡು ಕಿಲೋಮೀಟರು. ಬ್ಯಾಟರಿಯಲ್ಲಿ ಅಷ್ಟಕ್ಕೆ ಸಾಕಾಗುವಷ್ಟು ಉಳಿದಿತ್ತು.

ದಾರಿಯ ಎರಡೂ ಕಡೆ ತೆಂಗಿನ ಗರಿಗಳಿಗೆ ಗಾಳಿ ಹೊಕ್ಕಿತ್ತು. ಅದರ ಸದ್ದು ಅವರಿಗೆ ಬಹಳ ದೂರದಿಂದ ಬಂದಂತೆ, ಬಹುಶಃ ನೆನಪಿನಿಂದಲೇ, ಕೇಳಿಸುತ್ತಿತ್ತು. ಹುಣಸೆಮರದ ಹತ್ತಿರ ಅವರು ಎಡಗೈಯನ್ನು ಹಿಡಿಕೆಯಿಂದ ಬಿಟ್ಟು, ಸೀಟಿನ ಪಕ್ಕದ ತಗಡಿನ ಮೇಲೆ ಚಪ್ಪಟೆಯಾಗಿ ಇಟ್ಟರು. ಅಂಗೈಯೊಳಗೆ ಸಣ್ಣದೊಂದು ಜೀವ ನಡುಗುತ್ತಾ, ಏರುತ್ತಾ, ಇಳಿಯುತ್ತಾ ಅಳುತ್ತಿತ್ತು. ಹೌದು, ನಾಯಿಮರಿಯೇ.

ಶಾಂತಕುಮಾರಿ ಆಗಲೇ ಬಾಗಿಲಿಗೆ ಬಂದಿದ್ದಳು.

ಅವರು ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕೂತರು. ಅಂಗೈ ನೋಡಿಕೊಂಡು ಹೇಳಿದರು, “ಗಾಡಿ ಸದ್ದು ಮಾಡುತ್ತೆ ಕಣೇ.”

ಶಾಂತಕುಮಾರಿ ಗಂಡನ ಮುಖ ನೋಡಿದಳು. ಆಮೇಲೆ ಬಂದು ಎದುರಿಗೆ, ತುಟಿ ಕಾಣುವಷ್ಟು ಹತ್ತಿರ ಕೂತು, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಮೆಲುದನಿಯಲ್ಲಿ ಕೇಳಿದಳು:

“ಊಟ ಮಾಡ್ತೀರಾ?”

“ಬೇಡ” ಎಂದರು ರೇವಣಸಿದ್ದಯ್ಯನವರು. “ಎರಡ್ ಸಲ ಆಯ್ತು.”